ಖಾಲಿ ಇರುವ ಹೊತ್ತು

ಗೋಡೆಯ ಮೇಲೆ ಹದಿನೇಳು ಕೋವಿ,
ಒಂದರ ಮೇಲೂ ಅವಳ ಕಣ್ಣಿಲ್ಲ.
ಹಿಮ ಮೆತ್ತಿದ ಕೋಟು ಬಿಚ್ಚದೆಯೇ ಕೇಳಿದಳು
ಡೋರೀನ್ ಹ್ಲಾವಾಚೆಕ್:
'ವರ್ಲಿನ್, ತುಂಬೋದು ಯಾವುದರಲ್ಲಿ ಸಲೀಸು?'

ಮೂವತ್ತೊಂದು ವರ್ಷದಿಂದ
ಅಯೋವಾದ ಈ ಜೋಳದ ಸೀಮೆಯಲ್ಲಿ ಕೋವಿ ಮಾರುತ್ತಿದ್ದೇನೆ.
ಗಂಡಸರು ಬರುತ್ತಾರೆ, ಎತ್ತಿ ಕೆನ್ನೆಗೆ ಆನಿಸಿ
ಗೋಡೆಯ ಸತ್ತ ಜಿಂಕೆಯನ್ನು ಮತ್ತೊಮ್ಮೆ ಕೊಲ್ಲುತ್ತಾರೆ.
ಎಷ್ಟು ಒದೆಯುತ್ತೆ, ಎಷ್ಟು ದೂರ ಹೋಗುತ್ತೆ,
ಇದರಲ್ಲಿ ಯಾರು ಗೆದ್ದರು.
ತುಂಬುವ ಮಾತು ಎತ್ತಿದವಳು ಇವಳೊಬ್ಬಳೇ.

ಮೂರು ಕೋವಿಯ ಪಂದ್ಯ ಅವಳದು.
ಟೈಮರು ಕೀರಲಿದ್ದೇ ಓಟ.
ಕಬ್ಬಿಣದ ತಟ್ಟೆ ಬೀಳಬೇಕು,
ಬಿದ್ದ ತಟ್ಟೆ ಚಿಮ್ಮಿಸಿದ ಮಣ್ಣಿನ ಬಿಲ್ಲೆ
ನೆಲ ಮುಟ್ಟುವ ಮುಂಚೆ ಪುಡಿಯಾಗಬೇಕು,
ಕೆಲಸ ಮುಗಿದ ಕೋವಿಗೆ ಚಿಲಕ ಹಾಕಿ
ಪೀಪಾಯಿಯೊಳಗೆ ಮೂತಿ ಕೆಳಗಾಗಿ ನಿಲ್ಲಿಸಿ
ಮುಂದಿನದಕ್ಕೆ ಕೈ.
ಪಿಸ್ತೂಲು, ರೈಫಲ್ಲು ಇಡೀ ಊಟ ಒಂದೇ ಸಲ ನುಂಗುತ್ತವೆ.
ಶಾಟ್‌ಗನ್ ಮಾತ್ರ ಹಾಸಿಗೆ ಹಿಡಿದ ಅತ್ತೆ:
ತುತ್ತು ತುತ್ತಾಗಿ ಕೈಯಾರೆ ಉಣಿಸಬೇಕು,
ಅದೂ ಓಡುತ್ತಾ.

ಮೊದಲು ಇಳಿಸಿಕೊಟ್ಟದ್ದು ಇಟಲಿಯದು.
ಹಗುರ, ತಾನೇ ಸಿಪ್ಪೆ ಉಗುಳುತ್ತದೆ,
ನನಗೆ ನಾನೂರು ಡಾಲರ್ ಲಾಭ, ಸುಳ್ಳೇಕೆ.
ಕಿತ್ತಳೆ ಬಣ್ಣದ ಹುಸಿ ತೋಟಾ ಕೇಳಿ ಪಡೆದಳು,
ಹೊಟ್ಟೆಯಡಿಯ ಬಾಯಿಗೆ ಒತ್ತಿದಳು;
ಹೆಬ್ಬೆರಳ ಉಗುರು ಸಿಕ್ಕಿಕೊಂಡಿತು.
'ಬಾಯಿ ಸಣ್ಣದು,' ಅಂದಳು,
ಸೊಸೆ ನೋಡಲು ಹೋದವಳ ಹಾಗೆ.
ಅರ ಹಾಕಿಸಿ ಅಗಲಿಸೋಣ, ಎರಡು ವಾರ, ಅಂದೆ.
ಪಂದ್ಯ ಈ ಶನಿವಾರ.

ಡಬ್ಬಿ ಸಿಕ್ಕಿಸುವಂಥದನ್ನು ಮುಟ್ಟಲೂ ಇಲ್ಲ.
'ಅದರ ಸಾಲೇ ಬೇರೆ. ಆ ಹುಡುಗರ ಜೊತೆ ನಾನ್ಯಾಕೆ ಓಡಲಿ?'

ಆಮೇಲೆ ಅವಳೇ ಮೂಲೆಗೆ ಹೋದಳು,
ಪಂದ್ಯ ಬಿಟ್ಟು ಮೀನಿಗೆ ಬಿದ್ದ ಎಮಿಲ್ ಸ್ಕಾಲಾ
ಮಾರಿಕೊಡು ಅಂತ ಬಿಟ್ಟುಹೋದ ಹಳೆಯದರ ಹತ್ತಿರ.
ಬಣ್ಣ ಹೋಗಿದೆ. ಮರದ ಹಿಂಬದಿ ಒಂದೂವರೆ ಇಂಚು ಕೊಯ್ದಿದೆ.
ತಿರುಗಿಸಿ ಹೊಟ್ಟೆ ನೋಡಿದಳು:
ಬಾಯಿ ಅಗಲಿಸಿ, ಅಂಚಿಗೆಲ್ಲ ಮರಳುಕಾಗದ ಉಜ್ಜಿ ಉಜ್ಜಿ
ಚಮಚದ ಹಾಗೆ ನುಣುಪು ಮಾಡಿದ್ದ ಎಮಿಲ್.
ಎಂಟು ತಿಂಗಳು ನನ್ನ ಅಂಗಡಿಯಲ್ಲಿದ್ದೂ
ನಾನು ನೋಡಿರದ ಬಾಯಿ.

ಒಂದೇ ಕೈಯಲ್ಲಿ ನಾಲ್ಕು ತೋಟಾ ಎತ್ತಿದಳು,
ಎರಡರ ಹಿಂದೆ ಎರಡು,
ಎಣಿಸಲಿಲ್ಲ, ನೋಡಲೂ ಇಲ್ಲ.
ಸರಕ್, ಸರಕ್.
ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ.

'ಮೊಟ್ಟೆ,' ಅಂದಳು.
ಇಪ್ಪತ್ತೆರಡು ವರ್ಷ ಹೆದ್ದಾರಿಯಾಚೆಯ ಶೆಡ್ಡಿನಲ್ಲಿ
ಹರಿದು ಬರುವ ಪಟ್ಟಿಯಿಂದ ತಟ್ಟೆಗೆ,
ಸಲಕ್ಕೆ ನಾಲ್ಕು,
ಒಡೆದದ್ದಕ್ಕೆ ಮೇಸ್ತ್ರಿಯ ಮುಖ.
ವಸಂತದಲ್ಲಿ ಕೋಳಿಜ್ವರ ಬಂತು,
ಒಂದೇ ವಾರದಲ್ಲಿ ಎಲ್ಲವನ್ನೂ ಹೂತು ಬೀಗ ಹಾಕಿದರು.
'ರಾತ್ರಿ ಹೊದಿಕೆಯ ಮೇಲೆ ಕೈ ಹೀಗೆ ಆಡ್ತಾ ಇರುತ್ತೆ,
ಅವನು ಬೈತಾನೆ.'

ಒದೆ ಜೋರಿದೆ ಇದರದು, ಎಚ್ಚರಿಸಿದೆ.
'ಇರಲಿ. ಹೊಡೆಯೋದು ಯಾರಿಗೂ ಬರುತ್ತೆ ವರ್ಲಿನ್.
ಸೋಲೋದು ಕೋವಿ ಖಾಲಿ ಇರೋ ಹೊತ್ತಲ್ಲಿ.'

ಐನೂರಿಪ್ಪತ್ತು ಹೇಳಿದೆ, ನಾನೂರರವತ್ತಕ್ಕೆ ಎಳೆದಳು,
ಮೇಲೆ ಎರಡು ಪೆಟ್ಟಿಗೆ ಚರೆ ತೋಟಾ.
ಅರ್ಜಿ ತುಂಬಿದಳು, ಫೋನಿನಲ್ಲಿ ಒಪ್ಪಿಗೆ ಬಂತು,
ಕೋಟು ಕೊನೆಗೂ ಬಿಚ್ಚಲಿಲ್ಲ.

ಅವಳ ಗಾಡಿ ತಿರುವು ದಾಟಿದ ಮೇಲೆ
ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು
ನಾಲ್ಕು ಕಿತ್ತಳೆ ತೋಟಾ ಒಟ್ಟಿಗೆ ಎತ್ತಿ ನೋಡಿದೆ.
ಮೂರು ಬಂದವು.
ನಾಲ್ಕನೆಯದು ಬೀರುವಿನ ಅಡಿಗೆ ಉರುಳಿತು,
ಬಗ್ಗಲು ನನ್ನ ಮಂಡಿ ಒಪ್ಪಲಿಲ್ಲ.